ಒಂದು ಚಮಚ ಬ್ಲೀಚಿಂಗ್ ಪೌಡರ್ ಅಂದ್ರೆ ಎಷ್ಟು ಗ್ರಾಂ?

ಮಳೆಗಾಲದಲ್ಲಿ ನಲ್ಲಿ ನೀರು ಕದಡಿ ಬಂತು, ಇಲ್ಲವೇ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿಸಿಕೊಂಡಿರಿ ಅಂದ್ರೆ ಮೊದಲು ನೆನಪಾಗೋದು ಬ್ಲೀಚಿಂಗ್ ಪೌಡರ್ ತಾನೆ? ಸಂಪಿಗೆ ಎಷ್ಟು ಹಾಕ್ತೀರಿ ಅಂತ ಪಕ್ಕದ ಮನೆಯವರನ್ನು ಕೇಳಿ ನೋಡಿ. ‘ನಾಲ್ಕು ಚಮಚ’, ‘ಒಂದು ಹಿಡಿ’, ‘ಅಂದಾಜಿಗೆ ಹಾಕೋದಪ್ಪ’ ಅನ್ನೋ ಉತ್ತರವೇ ಬರುತ್ತೆ. ಸಾರಿಗೆ ಉಪ್ಪು ಹಾಕೋ ಹಾಗೆ!

ನಾನೂ ಅದೇ ಗುಂಪಿನವಳು. ನಮ್ಮದು 5 ಸಾವಿರ ಲೀಟರಿನ ಸಂಪು, ಅದಕ್ಕೆ ನಾಲ್ಕು ಚಮಚ. ಒಮ್ಮೆ ಅಂಗಡಿಯಲ್ಲಿ ಪುಡಿ ಸಿಗಲಿಲ್ಲ ಅಂತ ರವೆಯಂಥ ಹರಳಿನದ್ದನ್ನು ತಂದು ಅದೇ ನಾಲ್ಕು ಚಮಚ ಹಾಕಿದೆ. ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದ ಅತ್ತೆ ಮುಖ ಸಿಂಡರಿಸಿಕೊಂಡು ಬಂದರು. ‘ಏನೇ ಇದು, ಸ್ವಿಮ್ಮಿಂಗ್ ಪೂಲ್ ನೀರು ತರಿಸಿದ್ಯಾ?’ ಎರಡು ದಿನ ಮನೆಯಲ್ಲಿ ಅದೇ ಮಾತು.

ಹೆಚ್ಚಾದರೆ ಹೀಗೆ ಮೂಗಾದರೂ ಹೇಳುತ್ತೆ. ಕಡಿಮೆಯಾದರೆ? ಯಾರೂ ಹೇಳಲ್ಲ. ಹಾಕಿದ್ದೀನಿ ಅನ್ನೋ ಧೈರ್ಯದಲ್ಲಿ ನಾವಿರ್ತೀವಿ, ಮಕ್ಕಳಿಗೆ ವಾಂತಿ-ಭೇದಿ ಶುರುವಾದಾಗ ಬಸ್ ಸ್ಟ್ಯಾಂಡಿನ ಪಾನಿಪೂರಿಯನ್ನು ಬೈತೀವಿ.

ತಪ್ಪು ಚಮಚದ್ದಲ್ಲ, ಲೆಕ್ಕದ್ದು. ಚಮಚ ಅಳೆಯೋದು ಜಾಗವನ್ನು, ತೂಕವನ್ನಲ್ಲ. ನಮ್ಮ ಅಜ್ಜಿಯಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು. ಒಂದು ಸೇರು ಅಕ್ಕಿಯೂ ಒಂದು ಸೇರು ಕಡ್ಲೆಪುರಿಯೂ ಒಂದೇ ತೂಕ ಅಂತ ಅವರು ಯಾವತ್ತೂ ಅಂದುಕೊಳ್ಳಲಿಲ್ಲ. ಒಂದು ಮಿಲಿಲೀಟರ್ ಜಾಗದಲ್ಲಿ ಎಷ್ಟು ಗ್ರಾಂ ಕೂರುತ್ತೆ ಅನ್ನೋದಕ್ಕೇ ಮಕ್ಕಳ ಪುಸ್ತಕದಲ್ಲಿ ಸಾಂದ್ರತೆ ಅನ್ನೋದು. ಮೈದಾ ಹಿಟ್ಟಿನ ಹಾಗಿರೋ ಪುಡಿಯಲ್ಲಿ ಕಣಗಳ ನಡುವೆ ಗಾಳಿ ತುಂಬಿರುತ್ತೆ. ಡಬ್ಬಿಯನ್ನು ನಾಲ್ಕು ಸಲ ಕುಟ್ಟಿದರೆ ಅದೇ ಪುಡಿ ತಳಕ್ಕೆ ಇಳಿದು ಕೂರುತ್ತೆ.

ಹಾಗಾದ್ರೆ ನಿಮ್ಮ ಮನೆಯ ಡಬ್ಬಿಯ ಲೆಕ್ಕ ತಿಳಿಯೋದು ಹೇಗೆ? ಒಂದು ಖಾಲಿ ಮೊಸರಿನ ಪ್ಲಾಸ್ಟಿಕ್ ಕಪ್ ಮತ್ತು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ತಕ್ಕಡಿಗೆ ಪ್ಲಾಸ್ಟಿಕ್ ಕವರ್ ಹೊದಿಸಿ, ನಾಳೆ ಅದರ ಮೇಲೇ ಹಿಟ್ಟು ತೂಗಬೇಕಲ್ಲ! ಖಾಲಿ ಕಪ್ ಇಟ್ಟು ಸೊನ್ನೆ ಮಾಡಿ, ಕಂಠದವರೆಗೆ ನೀರು ತುಂಬಿ ತೂಗಿ. ಒಂದು ಗ್ರಾಂ ನೀರು ಅಂದ್ರೆ ಒಂದು ಮಿಲಿಲೀಟರ್. ನನ್ನ ಕಪ್ ಸರಿಯಾಗಿ 200 ಗ್ರಾಂ ನೀರು ಹಿಡಿಯಿತು. ನೀರು ಚೆಲ್ಲಿ ಕಪ್ಪನ್ನು ಚೆನ್ನಾಗಿ ಒರೆಸಿ ಒಣಗಿಸಿ, ಒಂದು ಹನಿಯೂ ಉಳಿಯಬಾರದು. ಆಮೇಲೆ ಗಾಳಿಯಾಡುವ ಕಡೆ, ಫ್ಯಾನ್ ಹಾಕದೆ, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಪುಡಿಯನ್ನು ಮೆಲ್ಲಗೆ ತುಂಬಿ. ಕುಟ್ಟಬೇಡಿ, ಅದುಮಬೇಡಿ. ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಮೇಲ್ಭಾಗ ಸಮ ಮಾಡಿ ತೂಗಿ.

ನನಗೆ ಬಂದಿದ್ದು 130 ಗ್ರಾಂ. 200ರಿಂದ ಭಾಗಿಸಿದರೆ 0.65. ಅಂದ್ರೆ 5 ಮಿಲಿಲೀಟರ್ ಚಮಚಕ್ಕೆ ಸುಮಾರು ಮೂರೂಕಾಲು ಗ್ರಾಂ. ಅದೇ ಕಪ್ಪನ್ನು ಮೇಜಿನ ಮೇಲೆ ಇಪ್ಪತ್ತು ಸಲ ತಟ್ಟಿ, ಇಳಿದ ಜಾಗಕ್ಕೆ ಮತ್ತೆ ತುಂಬಿದಾಗ 160 ಗ್ರಾಂ ಆಯ್ತು. ಚಮಚಕ್ಕೆ 4 ಗ್ರಾಂ! ಹರಳಿನದ್ದು ತಟ್ಟದೆಯೇ 190 ಗ್ರಾಂ ತೂಗಿತು.

‘ಇಷ್ಟೆಲ್ಲ ಯಾಕೆ, ಒಂದು ಚಮಚ ತೂಗಿದರೆ ಆಗಲ್ವಾ?’ ಅಂತೀರಾ? ಅಡುಗೆ ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸೋದು ಮಾಮೂಲು. 3 ಗ್ರಾಂನಲ್ಲಿ ಒಂದು ಗ್ರಾಂ ತಪ್ಪಿದರೆ ಲೆಕ್ಕವೇ ಕೆಟ್ಟಿತು, 130ರಲ್ಲಿ ತಪ್ಪಿದರೆ ಏನೂ ಆಗಲ್ಲ. ನಿಮ್ಮ ಚಮಚ ನಿಜಕ್ಕೂ 5 ಮಿಲಿಲೀಟರಾ ಅಂತಲೂ ನೋಡಿಕೊಳ್ಳಿ. ಹತ್ತು ಚಮಚ ನೀರು 50 ಗ್ರಾಂ ತೂಗಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಾನು ತೂಗ್ತಾ ಇದ್ದಾಗ ಒಂಬತ್ತನೇ ಕ್ಲಾಸಿನ ಮಗ ಬಂದ. ‘ಅಮ್ಮಾ, ನೀರಲ್ಲಿ ಮುಳುಗಿಸಿ ಎಷ್ಟು ಏರುತ್ತೆ ನೋಡಿದ್ರೆ ಆಯ್ತು. ಇದು ನೀರಲ್ಲಿ ಕರಗುತ್ತಲ್ಲ, ಅದಕ್ಕೆ ಎಣ್ಣೆ ತಗೋ’ ಅಂದ. ಸಕ್ಕರೆಗಾದರೆ ಅವನ ಉಪಾಯ ಸರಿ. ಬ್ಲೀಚಿಂಗ್ ಪೌಡರಿಗೆ ಮಾತ್ರ ಎಣ್ಣೆ, ಸೀಮೆಎಣ್ಣೆ, ಸ್ಪಿರಿಟ್ ಯಾವುದೂ ತಾಗಬಾರದು. ಬಿಸಿಯೇರಿ ಬೆಂಕಿಯೇ ಹತ್ತಿಕೊಳ್ಳಬಹುದು, ಹರಳಿನದ್ದಂತೂ ಇನ್ನೂ ಅಪಾಯ. ಮನೆಯಲ್ಲಿ ವಿಜ್ಞಾನ ಪ್ರಯೋಗದ ಹುಚ್ಚಿರೋ ಮಕ್ಕಳಿದ್ದರೆ ಇದನ್ನು ಇವತ್ತೇ ಕೂರಿಸಿ ಹೇಳಿ. ಪುಸ್ತಕದಲ್ಲಿ ಕ್ಯಾಲ್ಸಿಯಂ ಹೈಪೋಕ್ಲೋರೈಟಿನ ಸಾಂದ್ರತೆ 2.35 ಅಂತ ಇರುತ್ತೆ. ಅದು ಗಾಳಿ ಬಿಟ್ಟು ಬರೀ ಹರಳಿನ ಲೆಕ್ಕ. ನಮ್ಮ ಚಮಚಕ್ಕೆ ಅದು ಬೇಕಾಗಿಲ್ಲ.

ಇನ್ನು ಎಷ್ಟು ಹಾಕಬೇಕು? ಒಳ್ಳೆಯ ಪುಡಿಯಲ್ಲಿ ಮೂರನೇ ಒಂದು ಪಾಲಿನಷ್ಟು ಕ್ಲೋರಿನ್ ಇರುತ್ತೆ. ತಿಳಿಯಾದ ನೀರಿಗೆ, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಅನ್ನೋದು ವೈದ್ಯಕೀಯ ಪುಸ್ತಕಗಳ ಲೆಕ್ಕ. ನಮ್ಮ ಸಂಪಿಗೆ ಹನ್ನೆರಡೂವರೆ ಗ್ರಾಂ, ಅಂದ್ರೆ ಸಡಿಲ ಪುಡಿಯಾದರೆ ಸಮ ಮಾಡಿದ ನಾಲ್ಕು ಚಮಚ. ಅಜ್ಜಿ ಕಾಲದ ಅಂದಾಜು ಸರಿಯಾಗೇ ಇತ್ತು ನೋಡಿ! ಆದರೆ ನಾನು ತಂದ ಹರಳಿನ ಪ್ಯಾಕಿನ ಮೇಲೆ 65% ಕ್ಲೋರಿನ್ ಅಂತ ಇತ್ತು. ತೂಕವೂ ಹೆಚ್ಚು, ಶಕ್ತಿ ಎರಡರಷ್ಟು. ನಾಲ್ಕು ಚಮಚದಲ್ಲಿ ಸಂಪಿಗೆ ಬಿದ್ದಿದ್ದು ಮೂರು ಪಟ್ಟು ಕ್ಲೋರಿನ್. ಅತ್ತೆ ಮುಖ ಸಿಂಡರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪುಡಿಯನ್ನು ನೇರವಾಗಿ ಸಂಪಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಪುಡಿ ಹಾಕಿ ಕಲಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ, ಒಂದು ಗಂಟೆ ಮೋಟಾರ್ ಹಾಕಬೇಡಿ. ಗಂಟೆ ಕಳೆದ ಮೇಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಅದನ್ನು ನೋಡಲು ಹನಿ ಹಾಕಿದರೆ ಬಣ್ಣ ಬರುವ ಚಿಕ್ಕ ಕಿಟ್ ಸಿಗುತ್ತೆ. ನೀರು ಕೆಂಪಗೆ ಕದಡಿದ್ದರೆ ಮೊದಲು ಕೆಸರು ಇಳಿಯಲಿ, ಇಲ್ಲದಿದ್ದರೆ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತೆ. ಕುಡಿಯುವ ನೀರು ಕುದಿಸುವ ಅಭ್ಯಾಸವನ್ನಂತೂ ಬಿಡಬೇಡಿ.

ಟಾಯ್ಲೆಟ್ ತೊಳೆಯುವ ಆಸಿಡ್ ಇರೋ ಕಪಾಟಿನಲ್ಲಿ ಈ ಡಬ್ಬಿ ಇಡಲೇಬಾರದು, ಎರಡೂ ಸೇರಿದರೆ ವಿಷಾನಿಲ ಬರುತ್ತೆ. ಸ್ವಿಮ್ಮಿಂಗ್ ಪೂಲಿನ ಬೇರೆ ಕ್ಲೋರಿನ್ ಮಾತ್ರೆಗಳ ಜೊತೆಗೂ ಬೆರೆಸಬೇಡಿ. ತೇವ ತಾಗಿ ಗಂಟುಕಟ್ಟಿದ, ವಾಸನೆ ಸತ್ತ ಪುಡಿ ಎಷ್ಟು ಭಾರವಿದ್ದರೂ ಉಪಯೋಗವಿಲ್ಲ. ತೂಕ ಸುಣ್ಣದ್ದು, ಕ್ಲೋರಿನ್ ಹಾರಿಹೋಗಿರುತ್ತೆ.

ನಮ್ಮ ಡಬ್ಬಿಯ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೀನಿ: ‘ಪುಡಿ, 1 ಚಮಚ ಮೂರೂಕಾಲು ಗ್ರಾಂ, ಸಂಪಿಗೆ 4’, ಕೆಳಗೆ ಡಬ್ಬಿ ಒಡೆದ ತಾರೀಖು. ಹೊಸ ಪ್ಯಾಕ್ ಬಂದಾಗ ಮತ್ತೆ ತೂಗಿ ಚೀಟಿ ಬದಲಾಯಿಸ್ತೀನಿ. ಚಮಚಕ್ಕೆ ಸಣ್ಣ ತೂತು ಕೊರೆದು, ಡಬ್ಬಿಗೇ ದಾರದಲ್ಲಿ ಕಟ್ಟಿಟ್ಟಿದ್ದೀನಿ. ಇಲ್ಲದಿದ್ದರೆ ನಮ್ಮನೆಯವರು ಅದನ್ನೇ ಹಾರ್ಲಿಕ್ಸ್ ಡಬ್ಬಿಗೆ ಹಾಕೋ ಪೈಕಿ!