ಗಾಯಕನ ಬಿಡಾರ: ಕುಂದಗೋಳದ ವಾಡೆಯೂ ಸಂಗೀತಗಾರರ ಆತಿಥ್ಯವೂ

ಸಂಗೀತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗಾಯಕನು ಗಾದಿಯ ಮೇಲೆ ಕುಳಿತ ಗಳಿಗೆಯಿಂದ ಪ್ರಾರಂಭಿಸಿ, ಅವನು ಭೈರವಿಯನ್ನು ಹಾಡಿ ಎದ್ದ ಗಳಿಗೆಗೆ ಮುಗಿಸುತ್ತಾರೆ. ಅವನು ಯಾವ ಗಾಡಿಯಿಂದ ಇಳಿದನು, ಯಾರ ಮನೆಯಲ್ಲಿ ತಂಗಿದನು, ತಂಬೂರಿಯನ್ನು ಎಲ್ಲಿ ಕುಳಿತು ಶ್ರುತಿಗೂಡಿಸಿದನು, ಯಾವ ಪಂಕ್ತಿಯಲ್ಲಿ ಉಂಡನು ಎಂಬಿವೇ ಮೊದಲಾದ ಸಂಗತಿಗಳನ್ನು ಕ್ಷುಲ್ಲಕವೆಂದು ಕೈಬಿಡುವುದು ವಾಡಿಕೆಯಾಗಿದೆ. ಆದರೆ ಆಸ್ಥಾನವೂ ಇಲ್ಲದ, ದೊಡ್ಡ ಪೇಟೆಯೂ ಇಲ್ಲದ ಒಂದು ಊರಿನಲ್ಲಿ ಉಚ್ಚ ಸಂಗೀತವು ಹೇಗೆ ಬೇರೂರಿತೆಂದು ಕೇಳಿದರೆ, ಉತ್ತರವು ಬಹುಮಟ್ಟಿಗೆ ಈ ಕ್ಷುಲ್ಲಕ ಸಂಗತಿಗಳಲ್ಲಿಯೇ ದೊರೆಯುತ್ತದೆ. ಧಾರವಾಡ ಜಿಲ್ಲೆಯ ಕುಂದಗೋಳವು ಇದಕ್ಕೆ ಒಳ್ಳೆಯ ನಿದರ್ಶನ.

ಕುಂದಗೋಳವು ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಹತ್ತಿ ಬೆಳೆಯುವ ಎರೆಭೂಮಿಯ ನಡುವೆ ಇರುವ ಊರು. 1948ರವರೆಗೆ ಇದು ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ರಾಜಧಾನಿಯಿಂದ ಬಹುದೂರದಲ್ಲಿ ಬೇರೆಯಾಗಿ ಬಿದ್ದಿದ್ದ ತುಂಡು ಪ್ರದೇಶವಿದು. ಸಂಸ್ಥಾನಿಕರ ದರಬಾರು ಇಲ್ಲಿರಲಿಲ್ಲ. ಇದ್ದುದು ನಾಡಿಗೇರ ಮನೆತನದ ವಾಡೆ. ನಾಡಿಗನೆಂದರೆ ನಾಡಿನ ಕಂದಾಯದ ಲೆಕ್ಕವನ್ನು ವಂಶಪಾರಂಪರ್ಯವಾಗಿ ಇಡುತ್ತಿದ್ದ ಅಧಿಕಾರಿ. ಅಧಿಕಾರವು ಸರಿದುಹೋದರೂ ಹೆಸರೂ ಜಮೀನೂ ಮನೆಯೂ ಉಳಿದವು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಮರಾಠಾ ರೈಲುಮಾರ್ಗವು ಮೀರಜ, ಹುಬ್ಬಳ್ಳಿ, ಬೆಂಗಳೂರುಗಳನ್ನು ಜೋಡಿಸಿದಾಗ ಕುಂದಗೋಳವು ಆ ದಾರಿಯ ಒಂದು ನಿಲ್ದಾಣವಾಯಿತು. ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರು (1872–1937) ಮೈಸೂರಿನ ದರಬಾರಿಗೆ ಮೇಲಿಂದ ಮೇಲೆ ಹೋಗಿಬರುತ್ತಿದ್ದರು. ಅಲ್ಲಿ ಅವರಿಗೆ ‘ಸಂಗೀತರತ್ನ’ ಎಂಬ ಬಿರುದು ದೊರೆಯಿತು. ಹೋಗುವಾಗ ಬರುವಾಗ ಧಾರವಾಡದಲ್ಲಿ ತಮ್ಮ ಸೋದರನ ಮನೆಯಲ್ಲಿ ಇರುತ್ತಿದ್ದರು, ಕುಂದಗೋಳದ ವಾಡೆಯಲ್ಲಿಯೂ ಅತಿಥಿಗಳಾಗುತ್ತಿದ್ದರು. ಕುಂದಗೋಳದವರೇ ಆದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು (1886–1952) ಪ್ರಸಿದ್ಧರಾದವರು, ಅವರ ಶಿಷ್ಯರಾದರು. ಘರಾಣೆಯ ಇತಿಹಾಸದಲ್ಲಿ ಮಹತ್ತ್ವದ ಈ ಘಟನೆಗೆ ರೈಲಿನ ದಾರಿಯೂ ಒಂದು ಮನೆಯ ಊಟವೂ ಕಾರಣವಾದವೆಂದರೆ ಅತಿಶಯೋಕ್ತಿಯಲ್ಲ.

ಸಂಗೀತಗಾರರ ಪೋಷಣೆಯು ನಮ್ಮಲ್ಲಿ ಹೊಸದಲ್ಲ. ದೇವರ ಅಂಗಭೋಗ ರಂಗಭೋಗಗಳಿಗೆಂದು ಭೂಮಿಯನ್ನು ಬಿಟ್ಟ ದತ್ತಿಗಳನ್ನು ನಮ್ಮ ಶಾಸನಗಳಲ್ಲಿ ಹೇರಳವಾಗಿ ಕಾಣುತ್ತೇವೆ. ಆದರೆ ಅವು ಒಂದೆಡೆ ನೆಲೆನಿಂತ ಕಲಾವಿದರ ಜೀವನೋಪಾಯಕ್ಕಾಗಿ. ಊರಿಂದೂರಿಗೆ ತಿರುಗುವ ಗಾಯಕನ ಪ್ರಶ್ನೆ ಬೇರೆ. ನಾಟಕ ಕಂಪನಿಯು ತಿರುಗುವಾಗ ತನ್ನ ಅಡಿಗೆಯವರನ್ನೂ ಪಾತ್ರೆಪರಡಿಗಳನ್ನೂ ಸಂಗಡ ಒಯ್ಯುತ್ತಿತ್ತು; ಯಾವ ಊರಿಗೆ ಹೋದರೂ ‘ಕಂಪನಿ ಮನೆ’ಯೆಂದು ಒಂದನ್ನು ಬಾಡಿಗೆಗೆ ಹಿಡಿದು ಅಲ್ಲಿ ತನ್ನದೇ ಸಂಸಾರವನ್ನು ಹೂಡುತ್ತಿತ್ತು. ಒಬ್ಬ ಗಾಯಕ, ಒಬ್ಬ ತಬಲಜಿ, ಇಬ್ಬರು ಶಿಷ್ಯರು, ಎರಡು ತಂಬೂರಿ, ಇಷ್ಟೇ ಪರಿವಾರವುಳ್ಳವನು ಹಾಗೆ ಮಾಡುವಂತಿರಲಿಲ್ಲ. ಅವನು ಕರೆದವರ ಮನೆಯನ್ನೇ ನಂಬಬೇಕಾಗಿತ್ತು.

ಕರೆದವರು ಒದಗಿಸಬೇಕಾದುದೇನೆಂಬುದನ್ನು ಕೊಂಚ ವಿವರವಾಗಿ ನೋಡಬೇಕು. ಮೊದಲನೆಯದು, ಗದ್ದಲವಿಲ್ಲದ ಒಂದು ಕೋಣೆ. ತಂಬೂರಿಯನ್ನು ಶ್ರುತಿಗೂಡಿಸುವುದು ಐದು ನಿಮಿಷದ ಕೆಲಸವಲ್ಲ. ಬಿರಡೆಯನ್ನು ತಿರುವಿ, ಮಣಿಯನ್ನು ಸರಿಸಿ, ಕುದುರೆಯ ಮೇಲೆ ತಂತಿಯ ಕೆಳಗಿನ ನೂಲನ್ನು ಕೂದಲೆಳೆಯಷ್ಟು ಹಿಂದೆಮುಂದೆ ಮಾಡಿದ ಮೇಲೆ ಅದರ ಜವಾರಿ ತೆರೆದುಕೊಳ್ಳುತ್ತದೆ. ಕಿರಾನಾ ಗಾಯಕರಿಗೆ ಸ್ವರದ ಶುದ್ಧಿಯೇ ಸರ್ವಸ್ವವಾದುದರಿಂದ ಈ ಕೋಣೆಯು ಅವರಿಗೆ ಊಟಕ್ಕಿಂತಲೂ ಅಗತ್ಯವಾದುದು. ಮಳೆಗಾಲದ ತೇವದಲ್ಲಿ ತಬಲೆಯ ಚರ್ಮ ಸಡಿಲಾಗುತ್ತದೆ. ಅದನ್ನು ಬಿಸಿಗೆ ಹಿಡಿದು, ಸುತ್ತಿಗೆಯಿಂದ ಬಡಿದು ಬಿಗಿಗೊಳಿಸಲು ಕೆಂಡದ ಒಂದು ಅಗ್ಗಿಷ್ಟಿಕೆ ಹತ್ತಿರವಿದ್ದರೆ ಒಳ್ಳೆಯದು. ವಾಡೆಯ ರಚನೆಯು ಇದಕ್ಕೆಲ್ಲ ತಾನಾಗಿಯೇ ಒಪ್ಪುತ್ತಿತ್ತು. ಪಡಸಾಲೆಯಲ್ಲಿ ಬೈಠಕ್ಕು, ಒಳಕೋಣೆಯಲ್ಲಿ ವಾದ್ಯಗಳು, ಹಿತ್ತಿಲಲ್ಲಿ ಬಿಸಿನೀರಿನ ಹಂಡೆ, ಅಡಿಗೆಮನೆ ಇನ್ನೂ ಹಿಂದೆ. ದಪ್ಪ ಮಣ್ಣಿನ ಗೋಡೆಗಳು ಹೊರಗಿನ ಸದ್ದನ್ನು ತಡೆಯುತ್ತಿದ್ದವು.

ಎರಡನೆಯದು ಊಟದ ಹೊತ್ತು. ಅಹೋರಾತ್ರಿ ನಡೆಯುವ ಬೈಠಕ್ಕಿನಲ್ಲಿ ಯಾರು ಯಾವ ಪ್ರಹರದಲ್ಲಿ ಕೂಡುವರೆಂಬುದು ರಾಗದ ಸಮಯವನ್ನೂ ಗಾಯಕನ ಹಿರಿತನವನ್ನೂ ಅವಲಂಬಿಸಿದೆ. ಹಿರಿಯರ ಸರದಿ ಬೆಳಗಿನ ಜಾವಕ್ಕೆ ಬರುವುದು. ತುಂಬಿದ ಹೊಟ್ಟೆಯಲ್ಲಿ ದೀರ್ಘವಾದ ಉಸಿರು ನಿಲ್ಲುವುದಿಲ್ಲ. ಬರಿಯ ಹೊಟ್ಟೆಯಲ್ಲಿ ರಾತ್ರಿಯೆಲ್ಲ ಕಾಯಲೂ ಆಗುವುದಿಲ್ಲ. ಆದುದರಿಂದ ಹೊತ್ತು ಮುಳುಗುವ ಮುನ್ನ ಒಂದಿಷ್ಟು, ಹಾಡಿ ಎದ್ದ ಮೇಲೆ ನಿಜವಾದ ಊಟ. ಎಂದರೆ ಆತಿಥೇಯರ ಒಲೆ ಇಡೀ ರಾತ್ರಿ ಆರುವಂತಿಲ್ಲ. ನಡುರಾತ್ರಿಯ ಚಹಾ, ಎಲೆಅಡಿಕೆಯ ತಬಕು, ಎಚ್ಚತ್ತು ಕುಳಿತ ಹೆಣ್ಣುಮಕ್ಕಳ ಕೆಲಸ, ಇವು ಯಾವ ಕಾರ್ಯಕ್ರಮ ಪತ್ರಿಕೆಯಲ್ಲಿಯೂ ಅಚ್ಚಾಗಿಲ್ಲ. ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿದ ಆ ಶ್ರೋತೃಗಳನ್ನು ನಾವು ಸಂಗೀತದ ರಸಿಕರ ಗಣನೆಯಲ್ಲಿ ಸೇರಿಸುವುದೇ ಇಲ್ಲ.

ಮೂರನೆಯದು ಬಿದಾಗಿ, ಎಂದರೆ ಬೀಳ್ಕೊಡುವಾಗ ಕೊಡುವ ಸಂಭಾವನೆ. ಮೊತ್ತವನ್ನು ಮೊದಲೇ ಮಾತನಾಡುವುದು ಎರಡೂ ಕಡೆಯವರಿಗೆ ಸಂಕೋಚದ ವಿಷಯವಾಗಿತ್ತು. ಶಾಲು, ತೆಂಗಿನಕಾಯಿ, ಅದರ ಕೆಳಗೆ ಹಣ. ಈ ಸಂಕೋಚವನ್ನು ಸಂಸ್ಕೃತಿಯೆಂದು ಹೊಗಳುವವರಿದ್ದಾರೆ. ಉದಾರಿಯಾದ ಮನೆಯಲ್ಲಿ ಅದು ಸೊಗಸಾಗಿಯೇ ಇದ್ದಿರಬೇಕು. ಆದರೆ ಜಿಪುಣನ ಮನೆಯಿಂದ ಹೊರಟ ಗಾಯಕನಿಗೆ ದೂರಲು ಯಾವ ಆಧಾರವನ್ನೂ ಅದು ಉಳಿಸುತ್ತಿರಲಿಲ್ಲ.

ಇನ್ನು ಪಂಕ್ತಿಯ ಮಾತು. ಅಂದಿನ ಮೇಲ್ಜಾತಿಯ ಮನೆಗಳಲ್ಲಿ ಹಾಡಿಗೆ ಇದ್ದಷ್ಟು ವಿಶಾಲವಾದ ಬಾಗಿಲು ಊಟಕ್ಕೆ ಇರಲಿಲ್ಲ. ಅನ್ಯಜಾತಿಯ ಅಥವಾ ಅನ್ಯಧರ್ಮದ ಅತಿಥಿಗೆ ಅಕ್ಕಿ, ಬೇಳೆ, ತುಪ್ಪ, ಕಟ್ಟಿಗೆಗಳನ್ನು ಹಾಗೆಯೇ ಅಳೆದು ಕೊಡುವುದು ಒಂದು ಮಾರ್ಗ. ಇದಕ್ಕೆ ಈ ಕಡೆ ‘ಶಿಧಾ’ ಎಂದು ಹೆಸರು. ಬೇರೆ ಬಿಡಾರವನ್ನು ಕೊಟ್ಟು ಅಲ್ಲಿ ಅವರದೇ ಅಡಿಗೆಯನ್ನು ಮಾಡಿಸುವುದು ಇನ್ನೊಂದು. ಶಿಧಾ ಕೊಡುವುದರಲ್ಲಿ ಅತಿಥಿಯ ಆಚಾರವನ್ನು ಮನ್ನಿಸುವ ಭಾವವೂ ಇದ್ದಿತು, ದೂರವಿಡುವ ಭಾವವೂ ಇದ್ದಿತು. ಯಾವುದು ಎಷ್ಟೆಂದು ಉಂಡವರೇ ಬಲ್ಲರು. ಈ ದೂರವನ್ನು ಹಾಡುವ ಹೆಣ್ಣುಮಕ್ಕಳು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದರು. ಗಂಗೂಬಾಯಿ ಹಾನಗಲ್ಲರು (1913–2009) 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ ಇನ್ನೂ ಹುಡುಗಿ. ಊಟವಾದ ಮೇಲೆ ಎಂಜಲೆಲೆ ಎತ್ತಲು ತನಗೆ ಹೇಳಿಯಾರೆಂಬ ಅಂಜಿಕೆ ಆಗ ಮನಸ್ಸಿನಲ್ಲಿದ್ದುದನ್ನು ಅವರು ಮುಂದೆ ನೆನೆದಿದ್ದಾರೆ. ಹಾಡಿನ ಭಯವಲ್ಲ, ಎಲೆಯ ಭಯ. ಇದೇ ಹುಡುಗಿ ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಂತಹ ಕಡೆ, ಪಂಚಾಕ್ಷರಿ ಗವಾಯಿಗಳ (1892–1944) ಪರಂಪರೆಯಲ್ಲಿ, ದಾಸೋಹದ ತತ್ತ್ವವು ಇದಕ್ಕಿಂತ ಭಿನ್ನವಾದ ಒಂದು ಆತಿಥ್ಯವನ್ನು ರೂಪಿಸಿತು. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಬಂದವರಿಗೆ ನೀರು ತರುವವರು ಯಾರು? ಗುರುಗೃಹದಲ್ಲಿ ಶಿಷ್ಯರೇ. ಗುರುವನ್ನರಸಿ 1933ರಲ್ಲಿ ಮನೆಬಿಟ್ಟು, ಟಿಕೀಟಿಲ್ಲದೆ ರೈಲುಗಳಲ್ಲಿ ಹಾಡುತ್ತ ಉತ್ತರ ಹಿಂದೂಸ್ಥಾನವನ್ನೆಲ್ಲ ಅಲೆದ ಭೀಮಸೇನ ಜೋಶಿಯವರು (1922–2011) ಕೊನೆಗೆ 1936ರಲ್ಲಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಮನೆಯಲ್ಲಿ ಕೊಡ ಹೊತ್ತರು. ಇಂಥ ಸೇವೆಯಲ್ಲಿದ್ದ ಶಿಷ್ಯನಿಗೆ ಪಾಠದ ಹೊತ್ತಿನಲ್ಲಿ ಮಾತ್ರವಲ್ಲದೆ ಅತಿಥಿಗಳು ಬಂದಾಗಲೂ ವಿದ್ಯೆ ಕಿವಿಗೆ ಬೀಳುತ್ತಿತ್ತು. ಆತಿಥ್ಯದ ಈ ಅಂಗವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಬೈಠಕ್ಕು ಒಂದು ರಾತ್ರಿಯದು. ಆದರೆ ಗಾಯಕನು ನಾಲ್ಕು ದಿನ ನಿಂತರೆ ಅವನ ಮುಂಜಾನೆಯ ರಿಯಾಜು, ಹರಟೆಯ ನಡುವೆ ಗುನುಗಿದ ಚೀಜು, ತಬಲಜಿಯೊಡನೆ ಆಡಿದ ಜಗಳ ಎಲ್ಲವೂ ಪಾಠವೇ.

ಮನೆಯಿಲ್ಲದ ದಾರಿ ಎಂಥದೆಂಬುದನ್ನು ಖಾನ್ ಸಾಹೇಬರ ಅಂತ್ಯವೇ ತೋರಿಸುತ್ತದೆ. 1937ರ ಅಕ್ಟೋಬರಿನಲ್ಲಿ ಅವರು ಪುದುಚೇರಿಗೆ ಹೊರಟಿದ್ದರು. ದಾರಿಯಲ್ಲಿ ದೇಹಾಲಸ್ಯವಾಗಿ, ಚೆಂಗಲ್ಪಟ್ಟಿನ ಸಮೀಪದ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದರು. ಅಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆಯೇ ತೀರಿಕೊಂಡರು. ಅವರ ಸಮಾಧಿಯಿರುವುದು ಮೀರಜದ ದರ್ಗಾದಲ್ಲಿ.

ವಾಡೆಯ ಆತಿಥ್ಯಕ್ಕೆ ಆಧಾರವಾಗಿದ್ದುದು ಜಮೀನಿನ ಉತ್ಪನ್ನ. 1948ರಲ್ಲಿ ಸಂಸ್ಥಾನವು ವಿಲೀನವಾಯಿತು. 1961ರ ಭೂಸುಧಾರಣಾ ಶಾಸನಕ್ಕೆ 1974ರಲ್ಲಿ ಆದ ತಿದ್ದುಪಡಿಯಿಂದ ಗೇಣಿಯ ಪದ್ಧತಿಯೇ ಕೊನೆಗೊಂಡಿತು. ಉಳುವವನ ದೃಷ್ಟಿಯಿಂದ ಇದು ನ್ಯಾಯ. ಆ ರಾತ್ರಿಗಳ ಒಲೆಗೆ ಕಾಳು ಬರುತ್ತಿದ್ದುದು ಅವನ ಬೆವರಿನಿಂದಲೇ ಎಂಬುದನ್ನು ಮರೆತು ಹಳೆಯ ಔದಾರ್ಯವನ್ನು ಹಾಡಿ ಹೊಗಳುವುದು ಇತಿಹಾಸಕಾರನಿಗೆ ಶೋಭಿಸದು. ಇತ್ತ 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಪ್ರಾರಂಭವಾಗಿ ಸಂಗೀತಗಾರರಿಗೆ ಗೊತ್ತಾದ ಸಂಬಳ ಸಂಭಾವನೆಗಳು ದೊರೆಯತೊಡಗಿದವು. 1953ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನಿಂದ ಭೀಮಸೇನರು ಮೊದಲು ಮಾಡಿದ ಉತ್ಸವವು ಸಾವಿರಾರು ಜನ ಸೇರುವ ಸಮ್ಮೇಳನವಾಗಿ ಬೆಳೆಯಿತು. ಕುಂದಗೋಳದಲ್ಲಿಯೂ ಅದೇ ಗುರುವಿನ ಸ್ಮರಣೆಯ ಸಂಗೀತವು ವಾಡೆಯೊಳಗೆ ಅನೇಕ ವರ್ಷ ನಡೆದುಬಂದಿದೆ. ಗಂಗೂಬಾಯಿಯವರೂ ಭೀಮಸೇನರೂ ಅಲ್ಲಿ ಹಾಡಿದ್ದಾರೆ. ಸಾಮಾನ್ಯವಾಗಿ ಇಂಥ ಊರುಗಳಲ್ಲಿ ಈಗ ಸಮಿತಿಯು ವಂತಿಗೆ ಕೂಡಿಸುತ್ತದೆ, ಗಾಯಕನು ಪಟ್ಟಣದ ವಸತಿಗೃಹದಿಂದ ಮೋಟಾರಿನಲ್ಲಿ ಬಂದು ಹಾಡಿ ಆಗಲೇ ಹಿಂದಿರುಗುತ್ತಾನೆ. ಪಂಕ್ತಿಯ ಅವಮಾನ ತಪ್ಪಿತು, ಹಣದ ಮಾತು ಸ್ಪಷ್ಟವಾಯಿತು. ಆ ನಾಲ್ಕು ದಿನಗಳು ಮಾತ್ರ ಹೋದವು.

ಈ ವಿಷಯದಲ್ಲಿ ಸಂಶೋಧನೆ ಮಾಡಬಯಸುವ ವಿದ್ಯಾರ್ಥಿಗಳು ಹಳೆಯ ಮನೆತನಗಳ ಕಿರ್ದಿ ಖಾತೆಗಳನ್ನು ಹುಡುಕಬೇಕು. ಗವಾಯಿಗೆ ಕೊಟ್ಟ ಬಿದಾಗಿ, ಅಳೆದ ಶಿಧಾ, ನಿಲ್ದಾಣಕ್ಕೆ ಕಳುಹಿಸಿದ ಚಕ್ಕಡಿಯ ಬಾಡಿಗೆ ಇಂಥವು ಬರೆದಿದ್ದರೆ ಅಲ್ಲಿಯೇ ಬರೆದಿರುತ್ತವೆ. ಹಳೆಯ ಲೆಕ್ಕಗಳು ಹಲವೆಡೆ ಮೋಡಿ ಲಿಪಿಯಲ್ಲಿರುವುದರಿಂದ ಅದನ್ನು ಓದಲು ಕಲಿತವರು ಬೇಕು; ಕಲಿತವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಕಾಗದಗಳಿಗೆ ಗೆದ್ದಲು ಹಿಡಿಯುತ್ತಿದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಅಜ್ಜಿಯರು ಯಾರಾದರೂ ಇದ್ದರೆ ಅವರ ಮಾತನ್ನು ಬರೆದುಕೊಳ್ಳುವ ಕೆಲಸವು ಕಾಗದಕ್ಕಿಂತ ಮೊದಲು ಆಗಬೇಕು.