ಜೊತೆಯಲ್ಲಿ ಊಟ ಮಾಡುವುದರಿಂದ ಎಚ್.ಐ.ವಿ. ಹರಡುವುದಿಲ್ಲ

ಎಚ್.ಐ.ವಿ. ಸೋಂಕಿತರೊಂದಿಗೆ ಊಟ ಮಾಡಿದರೆ ಅಥವಾ ಅವರ ತಟ್ಟೆ, ಲೋಟ ಬಳಸಿದರೆ ಸೋಂಕು ತಗಲುವುದೆಂಬ ಭಯ ಸಾರ್ವಜನಿಕರಲ್ಲಿ ಇಂದಿಗೂ ಇದೆ. ಈ ಭಯದಿಂದ ಸೋಂಕಿತರಿಗೆ ಮನೆಯಲ್ಲಿ ಬೇರೆ ತಟ್ಟೆ ಇಡುವುದು, ಮಗುವನ್ನು ಶಾಲೆಯ ಬಿಸಿಯೂಟದ ಸಾಲಿನಿಂದ ದೂರ ಕೂರಿಸುವುದು, ಅಡುಗೆ ಕೆಲಸದಿಂದ ತೆಗೆಯುವುದು ಇತ್ಯಾದಿಗಳಿಗೆ ಯಾವುದೇ ವೈದ್ಯಕೀಯ ಆಧಾರವಿರುವುದಿಲ್ಲ.

ಸೋಂಕು ಹರಡುವ ಮಾರ್ಗಗಳು:
1. ಸೋಂಕಿತರೊಂದಿಗೆ ಅಸುರಕ್ಷಿತ ಲೈಂಗಿಕ ಸಂಪರ್ಕ
2. ಸೋಂಕಿತ ರಕ್ತವನ್ನು ಪಡೆಯುವುದು
3. ಸೋಂಕಿತರು ಬಳಸಿದ ಸೂಜಿ, ಸಿರಿಂಜುಗಳ ಬಳಕೆ
4. ಸೋಂಕಿತ ತಾಯಿಯಿಂದ ಗರ್ಭಾವಸ್ಥೆ, ಹೆರಿಗೆ ಅಥವಾ ಎದೆಹಾಲಿನ ಮೂಲಕ ಮಗುವಿಗೆ

ಆಹಾರದಿಂದ ಏಕೆ ಹರಡುವುದಿಲ್ಲ?
ಈ ವೈರಾಣುವು ಮನುಷ್ಯನ ದೇಹದ ಹೊರಗೆ ವೃದ್ಧಿಯಾಗುವುದಿಲ್ಲ. ಎಂಜಲು, ಬೆವರು, ಕಣ್ಣೀರಿನಿಂದ ಸೋಂಕು ಹರಡುವುದಿಲ್ಲ. ಅಡುಗೆ ಮಾಡುವವರ ಬೆರಳಿನ ಗಾಯದಿಂದ ಆಹಾರಕ್ಕೆ ಅಲ್ಪ ರಕ್ತ ಬಿದ್ದರೂ ಗಾಳಿಯ ಸಂಪರ್ಕ, ಅಡುಗೆಯ ಶಾಖ ಹಾಗೂ ಜಠರದ ಆಮ್ಲದಿಂದ ವೈರಾಣು ನಾಶವಾಗುತ್ತದೆ. ಕೈಕುಲುಕುವುದು, ಒಂದೇ ಶೌಚಾಲಯ ಬಳಸುವುದು, ಸೊಳ್ಳೆ ಕಡಿತ ಇವುಗಳಿಂದಲೂ ಸೋಂಕು ತಗಲುವುದಿಲ್ಲ.

ಎಚ್ಚರಿಕೆ: ಸೋಂಕಿತರು ಬಾಯಲ್ಲಿ ಅಗಿದ ಆಹಾರವನ್ನು ಶಿಶುವಿಗೆ ತಿನ್ನಿಸಬಾರದು. ಒಸಡಿನ ರಕ್ತ ಬೆರೆತು ಸೋಂಕು ತಗಲಿದ ಅತಿ ವಿರಳ ಪ್ರಕರಣಗಳಿವೆ. ರೇಜರ್, ಬ್ಲೇಡುಗಳನ್ನು ಯಾರೂ ಹಂಚಿಕೊಳ್ಳಬಾರದು.

ಪರೀಕ್ಷೆ ಮತ್ತು ಚಿಕಿತ್ಸೆ:
ಜೊತೆಯಲ್ಲಿ ಊಟ ಮಾಡಿದ ಕಾರಣಕ್ಕೆ ರಕ್ತ ಪರೀಕ್ಷೆಯ ಅಗತ್ಯವಿರುವುದಿಲ್ಲ. ಮೇಲ್ಕಂಡ ನಾಲ್ಕು ಮಾರ್ಗಗಳ ಬಗ್ಗೆ ಸಂಶಯವಿದ್ದಲ್ಲಿ ಸರ್ಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಫಲಿತಾಂಶವನ್ನು ಗೌಪ್ಯವಾಗಿಡಲಾಗುತ್ತದೆ. ಸೋಂಕು ದೃಢಪಟ್ಟವರಿಗೆ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧಿ ಉಚಿತವಾಗಿದ್ದು, ಪ್ರತಿದಿನ ತಪ್ಪದೆ ಸೇವಿಸಿದಲ್ಲಿ ದೀರ್ಘಕಾಲ ಆರೋಗ್ಯದಿಂದ ಬಾಳಬಹುದಾಗಿದೆ.

ಕಾನೂನಿನ ರಕ್ಷಣೆ:
ಎಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017 ದಿನಾಂಕ 10-09-2018 ರಿಂದ ಜಾರಿಯಲ್ಲಿದೆ. ಇದರನ್ವಯ ಉದ್ಯೋಗ, ಶಿಕ್ಷಣ, ಆರೋಗ್ಯ ಸೇವೆ ಹಾಗೂ ಬಾಡಿಗೆ ಮನೆ ನೀಡುವಲ್ಲಿ ಸೋಂಕಿತರಿಗೆ ತಾರತಮ್ಯ ಮಾಡುವಂತಿಲ್ಲ. ಕುಟುಂಬದೊಂದಿಗೆ ಒಂದೇ ಮನೆಯಲ್ಲಿ ವಾಸಿಸುವ ಹಾಗೂ ಆ ಮನೆಯ ಸೌಲಭ್ಯಗಳನ್ನು ಇತರರಂತೆಯೇ ಬಳಸುವ ಹಕ್ಕು ಸಹ ಅವರಿಗಿದೆ. ಆದುದರಿಂದ ಸೋಂಕಿತರನ್ನು ಊಟದ ಪಂಕ್ತಿಯಿಂದ ದೂರವಿಡುವುದು ಅನಗತ್ಯ ಮಾತ್ರವಲ್ಲ, ಅನ್ಯಾಯವೂ ಆಗಿರುತ್ತದೆ.

ಹೆಚ್ಚಿನ ಮಾಹಿತಿಗಾಗಿ ಉಚಿತ ಸಹಾಯವಾಣಿ 1097 ಕ್ಕೆ ಕರೆ ಮಾಡಬಹುದು.