ಟೊಮೇಟೊ ಬೀಜದ ಎಣ್ಣೆ

ಕಡಲೆಕಾಯಿ ಎಣ್ಣೆಯನ್ನು ಬಾಯಿ ತೆರೆದ ಪಾತ್ರೆಯಲ್ಲಿ ಬಹುಕಾಲ ಇಟ್ಟರೆ ಕಮಟು ವಾಸನೆ ಬರುವುದನ್ನು ನಾವೆಲ್ಲರೂ ಬಲ್ಲೆವು. ಎಣ್ಣೆ ಕೆಟ್ಟಿತೆನ್ನುತ್ತೇವೆ, ಕೆಡಿಸಿದವರು ಯಾರೆಂದು ಕೇಳುವುದಿಲ್ಲ. ಕೆಡಿಸಿದ್ದು ನಾವು ಉಸಿರಾಡುವ ಆಮ್ಲಜನಕವೇ. ಈ ಕೇಡನ್ನು ತಡೆಯುವ ವಸ್ತುವನ್ನು ಹಲವು ಬೀಜಗಳು ತಮ್ಮೊಳಗೇ ಇರಿಸಿಕೊಂಡಿವೆ. ಸಾರು ಮಾಡುವಾಗ ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಟೊಮೇಟೊ ಬೀಜವೂ ಅವುಗಳಲ್ಲೊಂದು.

ಟೊಮೇಟೊ ರಸವನ್ನೂ ಕೆಚಪ್ಪನ್ನೂ ತಯಾರಿಸುವ ಕಾರ್ಖಾನೆಗಳಲ್ಲಿ ಹಣ್ಣನ್ನು ಅರೆದು ಜರಡಿ ಹಿಡಿದಾಗ ಸಿಪ್ಪೆ ಬೀಜಗಳ ಚರಟ ಉಳಿಯುತ್ತದೆ. ಸಾಮಾನ್ಯವಾಗಿ ಅದು ದನಗಳ ಮೇವಾಗುತ್ತದೆ, ಇಲ್ಲವೆ ತಿಪ್ಪೆ ಸೇರುತ್ತದೆ. ಆದರೆ ಒಣಗಿದ ಬೀಜದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಎಣ್ಣೆಯೇ ಇದೆ. ಇದು ಹೊಸ ಸಂಗತಿಯೇನಲ್ಲ. ಈ ಬೀಜ ಸಿಪ್ಪೆಗಳ ಉಪಯೋಗವನ್ನು ಕುರಿತು ಅಮೆರಿಕದ ಕೃಷಿ ಇಲಾಖೆ 1917ರಲ್ಲಿಯೇ ಒಂದು ವರದಿಯನ್ನು ಪ್ರಕಟಿಸಿತ್ತು.

ಈ ಎಣ್ಣೆಯ ಕೊಬ್ಬಿನ ಆಮ್ಲಗಳಲ್ಲಿ ಸುಮಾರು ಅರ್ಧ ಪಾಲು ಲಿನೋಲಿಯಿಕ್ ಆಮ್ಲ. ಇದರ ಅಣುವಿನಲ್ಲಿ 18 ಇಂಗಾಲದ ಪರಮಾಣುಗಳೂ ಎರಡು ಜೋಡಿ ಬಂಧಗಳೂ ಇವೆ. ಎರಡು ಜೋಡಿ ಬಂಧಗಳ ನಡುವಿನ ಇಂಗಾಲಕ್ಕೆ ಅಂಟಿರುವ ಜಲಜನಕದ ಹಿಡಿತ ಬಲು ಸಡಿಲ. ಬೆಳಕು, ಶಾಖ ಅಥವಾ ಲೋಹದ ಸೋಂಕಿನಿಂದ ಅದು ಕಳಚಿಹೋಯಿತೆಂದರೆ ಉಳಿದ ಅಣುವಿನಲ್ಲಿ ಒಂದು ಇಲೆಕ್ಟ್ರಾನು ಒಂಟಿಯಾಗುತ್ತದೆ. ಅಂಥ ಅಣು ಕೂಡಲೇ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಬಳಿಕ ನೆರೆಯ ಅಣುವಿನ ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಆ ನೆರೆಯದೂ ಹಾಗೆಯೇ ಮಾಡುತ್ತದೆ. ಹೀಗೆ ಸಾಗುವ ಸರಪಳಿಯ ಕೊನೆಗೆ ಅಣುಗಳು ಒಡೆದು, ಗಾಳಿಯಲ್ಲಿ ಹಾರಬಲ್ಲ ಸಣ್ಣ ತುಣುಕುಗಳಾಗುತ್ತವೆ. ಮೂಗಿಗೆ ಬಡಿಯುವ ಕಮಟು ಅವುಗಳದೇ.

ಇಂಥ ಎಣ್ಣೆಯ ಕಾವಲಿಗೆ ನಿಂತಿರುವುದು ಟೋಕೋಫೆರಾಲ್, ಅಂದರೆ ಇ ಜೀವಸತ್ವ. ಇದನ್ನು ಮೊದಲು ಗುರುತಿಸಿದವರು ಕ್ಯಾಲಿಫೋರ್ನಿಯದ ಇವಾನ್ಸ್ ಮತ್ತು ಬಿಷಪ್, ವರ್ಷ 1922. ಟೋಕೋಫೆರಾಲ್ ತನ್ನ ಜಲಜನಕವನ್ನು ತಾನೇ ಮುಂದಾಗಿ ಕೊಟ್ಟುಬಿಡುತ್ತದೆ. ಆಗ ಅದರಲ್ಲಿಯೂ ಒಂದು ಇಲೆಕ್ಟ್ರಾನು ಒಂಟಿಯಾಗುವುದು ನಿಜ. ಆದರೆ ಆ ಒಂಟಿತನ ಅಣುವಿನ ಉಂಗುರದಲ್ಲೆಲ್ಲ ಹಂಚಿಹೋಗುವುದರಿಂದ ಅದು ನೆರೆಯವರ ಮೇಲೆ ಬೀಳುವುದಿಲ್ಲ. ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಕಾವಲುಗಾರ ಈ ಕೆಲಸದಲ್ಲಿ ತಾನೂ ಸವೆಯುತ್ತಾನೆ. ಟೋಕೋಫೆರಾಲ್ ಮುಗಿದ ಬಳಿಕ ಎಣ್ಣೆ ಬೇಗ ಬೇಗ ಕೆಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟೊಮೇಟೊ ಬೀಜದಲ್ಲಿ ಹೆಚ್ಚಾಗಿರುವುದು ಗ್ಯಾಮಾ ಎಂಬ ಬಗೆಯ ಟೋಕೋಫೆರಾಲ್. ಎಣ್ಣೆಯನ್ನು ಕಾಯಲು ಅದು ಬಹಳ ಸಮರ್ಥ. ನಮ್ಮ ಯಕೃತ್ತಾದರೋ ಆಲ್ಫಾ ಬಗೆಯನ್ನು ಆರಿಸಿ ರಕ್ತಕ್ಕೆ ಮರಳಿಸಿ, ಉಳಿದವನ್ನು ಬಹುಮಟ್ಟಿಗೆ ಹೊರಹಾಕುತ್ತದೆ. ಸೀಸೆಯೊಳಗಿನ ಗುಣ ದೇಹದೊಳಗೂ ಹಾಗೆಯೇ ನಡೆಯುವುದೆಂದು ಭಾವಿಸಲಾಗದು. ಫಿನ್ಲೆಂಡಿನಲ್ಲಿ ಸುಮಾರು 29 ಸಾವಿರ ಧೂಮಪಾನಿ ಪುರುಷರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಹೊರಬಂದಾಗ ವಿಜ್ಞಾನಿಗಳೇ ಬೆರಗಾದರು: ಉತ್ಕರ್ಷಣ ನಿರೋಧಕವೆಂದು ಹೆಸರಾದ ಬೀಟಾ ಕ್ಯಾರೊಟೀನ್ ಗುಳಿಗೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಇಳಿಯುವ ಬದಲು ಏರಿತ್ತು. ಆದುದರಿಂದ ಬೀಜದ ಎಣ್ಣೆ ರೋಗಗಳನ್ನು ತಡೆಯುವುದೆಂಬ ಜಾಹೀರಾತುಗಳನ್ನು ನಾವು ಅನುಮಾನದಿಂದಲೇ ಓದಬೇಕು. ಹಣ್ಣಿಗೆ ಕೆಂಪು ಕೊಡುವ ಲೈಕೊಪೀನ್ ಕೂಡ ಹೆಚ್ಚಾಗಿ ಸಿಪ್ಪೆ ತಿರುಳುಗಳಲ್ಲಿದೆಯೇ ಹೊರತು ಬೀಜದಲ್ಲಿಲ್ಲ.

ಹಾಗೆಂದು ಎಣ್ಣೆ ನಿರುಪಯುಕ್ತವಲ್ಲ. ಶುದ್ಧಿಗೊಳಿಸಿದರೆ ಅಡುಗೆಗೆ ಬರುತ್ತದೆ. ಸಾಬೂನಿಗೂ ಚರ್ಮಕ್ಕೆ ಲೇಪಿಸುವ ಮುಲಾಮುಗಳಿಗೂ ಒದಗುತ್ತದೆ. ಉಳಿದ ಹಿಂಡಿಯಲ್ಲಿ ಪ್ರೋಟೀನು ಸಮೃದ್ಧ. ಆದರೆ ಶುದ್ಧಿಗೊಳಿಸುವಾಗ ಟೋಕೋಫೆರಾಲಿನ ಒಂದು ಅಂಶವೂ ಕಳೆದುಹೋಗುವುದು ವಿಪರ್ಯಾಸ.

ಕೋಲಾರದಲ್ಲಿ ಬೆಲೆ ಕುಸಿದಾಗ ರೈತರು ಟೊಮೇಟೊವನ್ನು ರಸ್ತೆಬದಿಗೆ ಸುರಿಯುವ ವಾರ್ತೆಯನ್ನು ಓದಿದ ವಿದ್ಯಾರ್ಥಿಗೆ, ಅದರಿಂದ ಎಣ್ಣೆಯನ್ನಾದರೂ ತೆಗೆಯಬಾರದೇಕೆ ಎನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಸಾವಿರ ಕಿಲೋಗ್ರಾಂ ಹಣ್ಣನ್ನು ಅರೆದರೆ ಉಳಿಯುವ ಹಸಿ ಚರಟ ಸುಮಾರು 40 ಕಿಲೋಗ್ರಾಂ. ಅದರಲ್ಲಿ ನೀರೇ ಬಹುಪಾಲು. ಒಣಗಿದ ಬೀಜ ಆರೇಳು ಕಿಲೋಗ್ರಾಂ ದಕ್ಕೀತು. ಎಣ್ಣೆ ಒಂದೂಕಾಲು ಕಿಲೋಗ್ರಾಂ ಆದರೆ ಹೆಚ್ಚು! ಎಣ್ಣೆಗಾಗಿಯೇ ಹಣ್ಣನ್ನು ಅರೆಯುವುದು ಲಾಭದ ಮಾತಲ್ಲ. ರಸ ತೆಗೆಯುವ ಕಾರ್ಖಾನೆ ಮೊದಲು ಬೇಕು; ಚರಟವನ್ನು ಅಂದಂದೇ ಒಣಗಿಸುವ ಏರ್ಪಾಡೂ ಬೇಕು. ಇಲ್ಲವಾದರೆ ಗಾಣಕ್ಕೆ ಹೋಗುವ ಮೊದಲೇ ಅದು ಹುಳಿತು ಬೂಷ್ಟು ಹಿಡಿಯುತ್ತದೆ.